ಮಡಚಿಟ್ಟ ಟವೆಲ್ಲು

ಮನೆಯಿಂದ,
ಸೋಮವಾರ, ೧೪ನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ಹೇಗಿದೆ? ಎಡಗಾಲಿನ ನೋವು ಇಳಿದು ಈಗ ಬಲಗಾಲಿಗೆ ಹತ್ತಿದೆ ಎಂದು ಹೋದ ಸಲ ನೀನು ಬರೆದಿದ್ದೆ. ನೋವಿಗೂ ವರ್ಗಾವಣೆ ಇರುತ್ತದೆ ನೋಡು. ನೀರಿನಲ್ಲಿ ನಡೆದರೆ ಒಳ್ಳೆಯದು ಎಂದ ಡಾಕ್ಟರನ್ನೇ "ನೀರಲ್ಲಿ ನಿಲ್ಲೋಕೆ ನಾನೇನು ಎಮ್ಮೆನಾ?" ಎಂದು ಗದರಿಸಿ ಬಂದೆಯಂತೆ. ಪಾಪ, ಆ ಡಾಕ್ಟರು. ಭಾವನ ಕಿವಿಯ ಮಿಷನ್ನು ರಿಪೇರಿಯಾಯಿತೆ? ಆಗಿರದಿದ್ದರೆ ಅವಸರ ಮಾಡಬೇಡ. ಈ ಪತ್ರ ಓದುತ್ತಾ ನೀನು ಬೈಯುವುದು ಅವರಿಗೆ ಕೇಳಿಸದಿರುವುದೇ ಲೇಸು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದರೆ, ಇಬ್ಬರಿಗೂ ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ನಾನು ರಜೆ ಹಾಕಿದ್ದೇನೆ. ಇವರು ಸ್ಕೂಲ್ ಬಸ್ಸಿನ ಬೀಗದ ಕೈಯನ್ನು ಬೇರೆ ಡ್ರೈವರಿಗೆ ಕೊಟ್ಟು, ಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು ಮಲಗಿದ್ದಾರೆ. ಅದರ ಕಥೆ ಮುಂದಿದೆ.

ಮೊದಲು ನೀನು ಕಾಯುತ್ತಿರುವ ಸುದ್ದಿ. ನಿನ್ನೆ ಟ್ರಯಥ್ಲಾನ್ ನಡೆಯಿತು. ನಾನು ಸೋತೆ. ಕೆರೆಯಲ್ಲಿ ನಾನೂರು ಮೀಟರು ಈಜು, ಎದ್ದು ಬಂದು ಇಪ್ಪತ್ತು ಕಿಲೋಮೀಟರು ಸೈಕಲ್ಲು, ಇಳಿದವಳೇ ಐದು ಕಿಲೋಮೀಟರು ಓಟ, ನಡುವೆ ಗಡಿಯಾರ ನಿಲ್ಲುವುದಿಲ್ಲ. ಸ್ಪರ್ಧೆ ನಡೆಸುವವರು ಕೊಟ್ಟ ಹೊತ್ತಿನೊಳಗೆ ಮೂರನ್ನೂ ಮುಗಿಸಿದರೆ ನೀನು ಇನ್ನು ಬಾಯಿ ಬಿಡುವುದಿಲ್ಲ, ಮುಗಿಸದಿದ್ದರೆ ನಾನು ಸೈಕಲ್ಲು ಮಾರಿ ತೆಪ್ಪಗೆ ಮನೆಯಲ್ಲಿ ಕೂರಬೇಕು ಎಂದು ಫೋನಿನಲ್ಲಿ ಮಾತು ತೆಗೆದುಕೊಂಡಿದ್ದೆಯಲ್ಲ? ಎರಡೇ ಎರಡು ನಿಮಿಷಕ್ಕೆ ತಪ್ಪಿತು. ಆದರೆ ಸೈಕಲ್ಲು ಮಾರುವುದಿಲ್ಲ. ಹೌದು, ಮಾತು ಮುರಿಯುತ್ತಿದ್ದೇನೆ. ಇದನ್ನು ಫೋನಿನಲ್ಲಿ ಹೇಳಿದ್ದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತಿದ್ದೆ. ಪತ್ರವನ್ನಾದರೆ ಹರಿದು ಹಾಕಿದರೂ ಆಮೇಲೆ ತುಂಡು ಜೋಡಿಸಿ ಓದುವವಳು ನೀನು.

"ಮೂರು ಕತ್ತೆ ವಯಸ್ಸಾಯ್ತು, ಈಗ್ಯಾಕೆ ನಿನಗೆ ಈ ಕುಣಿತ?" ಎಂದು ಕೇಳಿದ್ದೆ. ನೀನೊಬ್ಬಳೇ ಅಲ್ಲ, ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಎದುರು ಮೇಜಿನಲ್ಲಿ ಇಸ್ತ್ರಿ ಮಾಡುವವಳೂ ಕೇಳಿದಳು. "ಶುಗರ್ರಾ?" ಅಂದಳು. ಇಲ್ಲ ಅಂದೆ. "ಬಿ.ಪಿ.ನಾ?" ಇಲ್ಲ. "ಮತ್ತೆ ಮನೇಲಿ ಜಗಳನಾ?" ನೋಡಕ್ಕಾ, ಡಾಕ್ಟರು ಹೇಳಿದರು ಎಂದಿದ್ದರೆ ಎಲ್ಲರೂ ಅಯ್ಯೋ ಪಾಪ ಎಂದು ಒಪ್ಪುತ್ತಿದ್ದರು. ಹೆಂಗಸಿಗೆ ಕಾಯಿಲೆ ಬಂದರೆ ಈಜಬಹುದು, ಆಸೆ ಬಂದರೆ ಈಜಬಾರದು! ನನಗೆ ಯಾವ ಡಾಕ್ಟರೂ ಹೇಳಿಲ್ಲ. ಆಸ್ಪತ್ರೆಯ ನೋಟಿಸ್ ಬೋರ್ಡಿನಲ್ಲಿ ಈ ಸ್ಪರ್ಧೆಯ ಚಿತ್ರ ಹಚ್ಚಿದ್ದರು, ಒದ್ದೆ ಕೂದಲಿನ ಹೆಂಗಸೊಬ್ಬಳು ಸೈಕಲ್ ಏರುತ್ತಿದ್ದಳು. ನೋಡಿದೆ, ಆಸೆಯಾಯಿತು. ನಲವತ್ತೊಂಬತ್ತು ವರ್ಷಕ್ಕೆ ಒಂದು ಆಸೆ, ಅದೇನು ಹೆಚ್ಚಾಯಿತೆ?

ಈಜು ಕಲಿಯಲು ಏಳು ತಿಂಗಳು ಹಿಡಿಯಿತು. ವಾರಕ್ಕೆರಡು ದಿನ ಕೆಲಸ ಮುಗಿಸಿ ಈಜುಕೊಳಕ್ಕೆ ಹೋಗುತ್ತಿದ್ದೆ. ಕಲಿಸುವವರನ್ನು ಎಲ್ಲರೂ ಕಪ್ಪೆ ಮೇಡಂ ಎನ್ನುತ್ತಾರೆ, ಅವರಿಗೂ ಗೊತ್ತು, ಬೇಜಾರಿಲ್ಲ. ಮೊದಲ ತಿಂಗಳೆಲ್ಲ ನಾನು ಅಂಚಿನ ಕಂಬಿಯನ್ನು ಮಂಗನ ಮರಿ ತಾಯಿಯನ್ನು ಹಿಡಿದ ಹಾಗೆ ಹಿಡಿದಿದ್ದೆ. "ನೀರು ನಿಮ್ಮನ್ನ ಹೊತ್ಕೊಳ್ಳತ್ತಮ್ಮಾ, ನೀವ್ಯಾಕೆ ನೀರನ್ನ ಹೊತ್ಕೊಳ್ಳೋಕೆ ಹೋಗ್ತೀರಿ?" ಎಂದು ಮೇಡಂ ಗಂಟಲು ಹರಿದುಕೊಂಡರು. ಕೈ ಬಿಟ್ಟ ದಿನ ಅರ್ಧ ಕೊಳ ಕುಡಿದೆ. ಮನೆಗೆ ಬಂದರೆ ಇವರು, "ರಾತ್ರಿ ಊಟ ಮಾಡ್ತೀಯೋ, ನೀರಲ್ಲೇ ಹೊಟ್ಟೆ ತುಂಬ್ತೋ?" ಎಂದು ಕೇಳಿದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಾಗೆ ಹೇಳುವುದಿಲ್ಲ. ನಿನ್ನೆ ಕೆರೆ ತಣ್ಣಗಿತ್ತು, ಆದರೆ ಎಲ್ಲರಿಗೂ ತಣ್ಣಗಿತ್ತು. ಕೊನೆಯಿಂದ ನಾಲ್ಕನೆಯವಳಾಗಿ ದಡ ಹತ್ತಿದೆ. ಅಲ್ಲಿಂದ ಬಟ್ಟೆ, ಸೈಕಲ್ಲು ಇಟ್ಟ ಜಾಗಕ್ಕೆ ಓಡಿ, ಟೋಪಿ ಒಂದು ಕಡೆ ಟವೆಲ್ಲು ಒಂದು ಕಡೆ ಎಸೆದು ಸೈಕಲ್ ಹತ್ತಬೇಕು. ಎಲ್ಲರೂ ಹಾಗೇ ಎಸೆದು ಹೋದರು. ನಾನು ಮೈ ಒರೆಸಿಕೊಂಡೆ, ಟವೆಲ್ಲನ್ನು ಮೂಲೆಗೆ ಮೂಲೆ ಕೂಡಿಸಿ ನಾಲ್ಕು ಮಡಿಕೆ ಮಡಚಿದೆ. ಮೇಲೆ ಟೋಪಿ ಮಡಚಿಟ್ಟೆ. ಪಕ್ಕದವಳು ಕಾಲಲ್ಲಿ ಒದ್ದು ಹೋದ ಟವೆಲ್ಲನ್ನೂ ಮಡಚಿದೆ! ಇಪ್ಪತ್ತೊಂಬತ್ತು ವರ್ಷ ದಿನಕ್ಕೆ ಮುನ್ನೂರು ಹಾಸಿಗೆ ಬಟ್ಟೆ ಮಡಚಿದ ಕೈ, ನನ್ನನ್ನು ಕೇಳಲೇ ಇಲ್ಲ. ಬೇಲಿಯಾಚೆಯಿಂದ ಇವರು "ಲೇ, ಇದು ಆಸ್ಪತ್ರೆ ಅಲ್ಲ ಕಣೇ, ಹತ್ತೇ ಸೈಕಲ್ಲು!" ಎಂದು ಕೂಗಿದಾಗಲೇ ಎಚ್ಚರವಾದದ್ದು. ಆಗ ಹೋದ ನಿಮಿಷಗಳನ್ನು ಇಪ್ಪತ್ತು ಕಿಲೋಮೀಟರು ತುಳಿದರೂ ಹಿಡಿಯಲಾಗಲಿಲ್ಲ.

ಆದರೆ ಅಕ್ಕಾ, ಸೈಕಲ್ಲು ತುಳಿಯುತ್ತಾ ಒಂದು ವಿಷಯ ಹೊಳೆಯಿತು. ಈ ಮಡಚುವ ಚಾಳಿ ಆಸ್ಪತ್ರೆಯದ್ದಲ್ಲ, ನಿನ್ನದು. ನೀನು ಊರ ಕೆರೆಗೆ ಹಾರುವ ಮೊದಲು ಬಟ್ಟೆ ಬಿಚ್ಚಿ ನನ್ನ ಮಡಿಲಿಗೆ ಎಸೆಯುತ್ತಿದ್ದೆ. "ಬಾಲಾ, ಮಡಚಿಟ್ಕೋ. ಹಾರಿಹೋದ್ರೆ ನಿನ್ನ ಕಿವಿ ಹಾರಿಸ್ತೀನಿ." ನನಗೆ ಐದು, ನಿನಗೆ ಹದಿಮೂರು. ನಾನು ಮೆಟ್ಟಿಲ ಮೇಲೆ ಕೂತು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ನೀನು ಕೆರೆಯ ನಡುವಿನ ಬಂಡೆ ಮುಟ್ಟಿ, ಹುಡುಗರನ್ನೆಲ್ಲ ಹಿಂದೆ ಹಾಕಿ ಬರುತ್ತಿದ್ದೆ. ಒಂದು ದಿನ ಸೋದರತ್ತೆ ಏರಿಯ ಮೇಲೆ ನಿಂತು "ಬೆಳೆದ ಹುಡುಗಿ, ಸಾಕು ನೀರಾಟ, ಏಳು ಮೇಲೆ" ಎಂದರು. ನೀನು ಎದ್ದು ಬಂದೆ. ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡೆ, ನನ್ನ ಮುಖ ನೋಡಲಿಲ್ಲ. ಮತ್ತೆಂದೂ ಕೆರೆಗೆ ಇಳಿಯಲಿಲ್ಲ. ಅಷ್ಟಾದರೆ ಅತ್ತೆಯ ತಪ್ಪು ಎನ್ನಬಹುದಿತ್ತು. ನನಗೆ ಹತ್ತಾದಾಗ, ಕಲಿಸು ಎಂದು ನಿನ್ನ ಸೆರಗು ಹಿಡಿದರೆ, ಅದೇ ಅತ್ತೆಯ ದನಿಯಲ್ಲಿ "ಸಾಕು ನೀರಾಟ" ಎಂದವಳು ನೀನು. ನೀನು ಅಂದು ಕಲಿಸಿದ್ದರೆ ನಾನು ಈ ವಯಸ್ಸಿಗೆ ಅರ್ಧ ಕೊಳ ಕುಡಿಯಬೇಕಿರಲಿಲ್ಲ. ಕೋಪವಿಲ್ಲ. ಇದ್ದದ್ದನ್ನು ನಿನ್ನೆ ತುಳಿದು ತುಳಿದು ಮುಗಿಸಿದೆ.

ಓಟ ಶುರುವಾಗುವ ಬಾಗಿಲಿಗೆ ಬಂದಾಗ, ಅಲ್ಲಿ ಸೀಟಿ ಊದಿ ಸ್ಪರ್ಧೆ ನಡೆಸುತ್ತಿದ್ದ ಸೀಟಿಯವರು ಹಗ್ಗ ಅಡ್ಡ ಕಟ್ಟಿದ್ದರು. ಹೊತ್ತು ಲೆಕ್ಕ ಹಾಕಲು ನನ್ನ ಕಾಲಿಗೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿಕೊಂಡು "ನಿಮ್ಮ ಓಟ ಮುಗೀತಮ್ಮಾ" ಎಂದರು. "ಇನ್ನೂ ಶುರುನೇ ಆಗಿಲ್ವಲ್ಲಪ್ಪಾ" ಎಂದೆ. "ಸೈಕಲ್ಲಿನ ಟೈಮು ಎರಡು ನಿಮಿಷ ಮೀರಿದೆ." "ಹಗ್ಗ ನಿಮ್ಮದು. ಆಚೆಗಿರೋ ರಸ್ತೆ ಯಾರದ್ದು?" ಅವರು ಯೋಚಿಸಿ, "ರಸ್ತೆ ಎಲ್ಲರದ್ದೂ" ಎಂದರು. ಹಾಗಾದರೆ ನನ್ನದೂ ಹೌದು ಎಂದು ಪಕ್ಕದ ಕಾಲುದಾರಿ ಹಿಡಿದು ಓಡಿದೆ. ಓಟ ಎಂದರೆ ನಿನ್ನ ತಂಗಿಯ ಓಟ. ಎದುರಿಗೆ ಬಂದ ನಾಯಿ ಕೂಡ ಇದು ಓಡಿಸಿಕೊಂಡು ಹೋಗುವಷ್ಟು ವೇಗವಲ್ಲ ಎಂದು ಸುಮ್ಮನಾಯಿತು. ಇವರು ನನ್ನನ್ನು ಹಿಡಿದು ತರಲು ಬೆನ್ನು ಹತ್ತಿದರು, ಬಸ್ಸಿನ ಡ್ಯೂಟಿಯ ಬೂಟಿನಲ್ಲೇ. "ಸಾಕು ಬಾರೇ, ಮುಚ್ಚಿದ್ದಾರೆ. ಬಾರೇ, ಜನ ನೋಡ್ತಾರೆ. ಬಾರೇ ಅಂದ್ರೆ!" ಬೈಯುತ್ತಾ ಬೈಯುತ್ತಾ ಪಕ್ಕದಲ್ಲೇ ಓಡಿದರು. ಮುಗಿದ ಮೇಲೆ ನಾನು ಹೇಳಿದೆ, ರೀ, ನೀವೂ ಐದು ಕಿಲೋಮೀಟರು ಓಡಿದಿರಿ ಎಂದು. ಅಲ್ಲೇ ಕುಸಿದು ಕೂತರು. ದಿಂಬಿನ ಕಥೆ ಇದು.

ನಾವು ತಲುಪುವ ಹೊತ್ತಿಗೆ ಮುಕ್ತಾಯದ ಬ್ಯಾನರನ್ನು ಇಳಿಸಿ, ಸೀಟಿಯವರೂ ಇನ್ನೊಬ್ಬರೂ ಅದನ್ನು ಹೇಗೆ ಹೇಗೋ ಸುತ್ತುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ತುದಿ ಕಸಿದುಕೊಂಡು, ಮೂಲೆಗೆ ಮೂಲೆ ಹಿಡಿಸಿ, ನಾಲ್ಕು ಮಡಿಕೆ ಮಾಡಿ ಅವರ ಕೈಗಿಟ್ಟೆ. ಅದರ ಕೆಳಗೆ ಓಡಲು ಸಿಗಲಿಲ್ಲ, ನಿಜ. ಆದರೆ ಅದಕ್ಕೆ ಕೊನೆಯ ಮಡಿಕೆ ಹಾಕಿದವಳು ನಾನೇ.

ಭಾವನಿಗೆ ನಮಸ್ಕಾರ ತಿಳಿಸು. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ. ಬೈಯುವುದಿದ್ದರೆ ಒಂದೇ ಉಸಿರಿಗೆ ಬೈದು ಮುಗಿಸು, ಆಮೇಲೆ ನೂರು ವರ್ಷ ಗಟ್ಟಿಮುಟ್ಟಾಗಿ ಬಾಳು.

ನಿನ್ನ ತಂಗಿ,
ಬಾಲ

ಮರೆತ ಮಾತು: ಎರಡು ತಿಂಗಳು ಬಿಟ್ಟು ಅದೇ ಕೆರೆಯಲ್ಲಿ ಮೂವರ ತಂಡಗಳ ಸ್ಪರ್ಧೆ ಇದೆ. ಒಬ್ಬರು ಈಜು, ಒಬ್ಬರು ಸೈಕಲ್ಲು, ಒಬ್ಬರು ಓಟ. ನಿನ್ನೆಯೇ ಸೀಟಿಯವರಿಗೆ ಫಾರಂ ತುಂಬಿ ಕೊಟ್ಟು ಬಂದೆ. ಸೈಕಲ್ಲು ನಾನು. ಓಟ ಇವರು. ರಾತ್ರಿ ನಿದ್ದೆಗಣ್ಣಿನಲ್ಲಿದ್ದಾಗ ಕೇಳಿದೆ, ಹೂಂ ಅಂದಿದ್ದಾರೆ. ಈಜು ಎಂಬಲ್ಲಿ ನಿನ್ನ ಹೆಸರು ಬರೆದಿದ್ದೇನೆ, ವಯಸ್ಸು ಐವತ್ತೇಳು ಎಂದು ನಿಜವನ್ನೇ ಹಾಕಿದ್ದೇನೆ. ಡಾಕ್ಟರ ಚೀಟಿ ಬೇಕಂತೆ. ನೀನು ಗದರಿಸಿದೆಯಲ್ಲ, ಅವರನ್ನೇ ಕೇಳು, ಕುಣಿದುಕೊಂಡು ಕೊಡುತ್ತಾರೆ. ನೀನು ನೀರಿನಿಂದ ಎದ್ದು ಬಂದು ಕಾಲಿನ ಪಟ್ಟಿ ಬಿಚ್ಚಿ ನನ್ನ ಕಾಲಿಗೆ ಕಟ್ಟಬೇಕು. ಕಟ್ಟಿದ್ದೇ ತಡ, ನಾನು ತಿರುಗಿ ನೋಡದೆ ಹೋಗಿಬಿಡುತ್ತೇನೆ. ಈ ಸಲ ನಿನ್ನ ಬಟ್ಟೆ ನೀನೇ ಮಡಚಿಕೋ.