ಅಕ್ಷರದ ಹಿಂದಿನ ಕಪ್ಪು ಪಟ್ಟಿ

ಮಾಂಟೆವಿಡಿಯೊ
ಮಾರ್ಚ್ ೯, ಶನಿವಾರ

ಪ್ರೀತಿಯ ಎಲ್ಬಿಯಾ,

ಪಾಯ್ಸಾಂದುವಿನಲ್ಲಿ ನೀನೂ ಮಗಳೂ ಸುಖವಾಗಿದ್ದೀರಿ ಅಂದುಕೊಂಡಿದ್ದೇನೆ. ಕ್ರಿಸ್‌ಮಸ್‌ಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಕಾರ್ನಿವಲ್ ಮುಗಿಯುವವರೆಗೂ ಹೊಲಿಗೆ ಯಂತ್ರ ಬಿಟ್ಟು ಏಳಲಾಗಲಿಲ್ಲ. ನನ್ನ ಗಂಡ ರುಬೆನ್‌ನ ಹಾಡುತಂಡಕ್ಕೆ, ಆ ಮುರ್ಗಾಕ್ಕೆ, ಈ ಸಲವೂ ವೇಷ ಹೊಲಿದವಳು ನಾನೇ. ಎಲ್ಲ ಬಿಳಿ, ತಿಳಿಹಳದಿ ಸ್ಯಾಟಿನ್. ಹಾಡು ಬರೆದವನು ಅವನೇ. ಏನು ಬರೆದೆ ಅಂತ ಕೇಳಿದರೆ ಅದೇ ಹಳೆಯ ಮಾತು: "ಆಮೇಲೆ ಹೇಳ್ತೀನಿ ಬಿಡೆ." ಕಿವಿ ಹೋದಾಗಿನಿಂದ ನನ್ನ ಸಂಸಾರ ಆ 'ಆಮೇಲೆ'ಯಲ್ಲೇ ನಡೆದಿದೆ.

ಹಾಗಾಗಿ ಈ ವರ್ಷ ಟಿವಿಯವರು ಹಾಡಿನ ಸಾಲುಗಳನ್ನು ಪರದೆಯ ಮೇಲೆ ಹಾಕುತ್ತಾರೆ ಅಂದಾಗ ಕುಣಿದುಬಿಟ್ಟೆ. ಸಲಹೆ ಕೊಡಲು ಕಿವುಡರ ಸಂಘದವರು ನನ್ನನ್ನೇ ಕಳಿಸಿದರು. ಅಕ್ಷರ ದಪ್ಪಗಿರಲಿ, ಎರಡೇ ಸಾಲಿರಲಿ, ಓದಿ ಮುಗಿಯುವವರೆಗೆ ನಿಲ್ಲಲಿ, ಹಿಂದೆ ಕಪ್ಪು ಪಟ್ಟಿ ಇರಲಿ ಎಂದೆ. ಟಿವಿಯವರ ಮುಖ್ಯಸ್ಥ ಫಾಕುಂದೊ ನನಗೆ ತಿಳಿಯಲೆಂದು ತುಟಿ ಅಗಲಿಸಿ ಹೇಳಿದ, "ಪಟ್ಟಿ ಹಾಕಿದ್ರೆ ವೇಷ ಮುಚ್ಚಿಹೋಗುತ್ತಲ್ಲಮ್ಮ. ಜನ ನೋಡೋದೇ ಅದನ್ನ."

"ಆ ವೇಷ ಹೊಲಿದೋಳು ನಾನೇ ಕಣಪ್ಪ. ಮುಚ್ಚಿದ್ರೆ ಮುಚ್ಲಿ."

ನಕ್ಕ, ಬಿಸ್ಕತ್ತು ಕೊಟ್ಟು ಕಳಿಸಿದ.

ಪ್ರಸಾರದ ದಿನ ಓಣಿಯವರೆಲ್ಲ ಕ್ಲಬ್ಬಿನ ಟಿವಿ ಮುಂದೆ ಸೇರಿದ್ದೆವು. ಪಟ್ಟಿ ಇರಲಿಲ್ಲ. ಬಿಳಿ ಅಕ್ಷರ ನಾನು ಹೊಲಿದ ಬಿಳಿ ಬಟ್ಟೆಯ ಮೇಲೆಯೇ ಬಂದು ಕರಗಿಹೋಯಿತು. ತುಟಿ ಓದೋಣವೆಂದರೆ ಮುಖಕ್ಕೆಲ್ಲ ಬಣ್ಣ. ಅಷ್ಟರಲ್ಲಿ ಎಲ್ಲರೂ ನನ್ನ ಕಡೆ ತಿರುಗಿ ನಗತೊಡಗಿದರು. ರುಬೆನ್ ಕೊನೆಗೂ ನನ್ನ ಮೇಲೆ ಹಾಡು ಕಟ್ಟಿದ್ದಾನೆ! ನನಗಾದ ಹಿಗ್ಗು ಏನು ಹೇಳಲಿ, ಎದ್ದು ನಿಂತು ಚಪ್ಪಾಳೆ ತಟ್ಟಿದೆ. "ಏನು ಹಾಡಿದ್ರೇ?" ಅಂತ ಪಕ್ಕದ ಮನೆಯ ನಿಲ್ದಾಳನ್ನು ಕೇಳಿದೆ. "ಚೆನ್ನಾಗಿತ್ತು ಕಣೆ," ಅಂದು ಮಾತೆ ಚಹಾ ಕುಡಿಯುವ ಸೋರೆಬುರುಡೆಯನ್ನು ನನ್ನ ಕೈಗಿಟ್ಟಳು.

ಮಾರನೆಯ ದಿನವೇ ಹೋಗಿ ಫಾಕುಂದೊನ ಗ್ರಹಚಾರ ಬಿಡಿಸಿದೆ. "ನನ್ ಗಂಡ ನನ್ ಬಗ್ಗೆ ಹಾಡಿದ್ದು ಊರಿಗೆಲ್ಲ ಕೇಳ್ಸುತ್ತೆ, ನಾನೊಬ್ಬಳು ಓದ್ಬಾರ್ದಾ?" ಅಂದೆ. ಸೋತ. ನಾಳೆಯ ಮರುಪ್ರಸಾರಕ್ಕೆ ಕಪ್ಪು ಪಟ್ಟಿ ಹಾಕುತ್ತಾರಂತೆ. ಸಂಘದವರು ನನಗಾಗಿ ಕೇಕು ತರುತ್ತಾರಂತೆ. ರುಬೆನ್ ಮಾತ್ರ ಮುಖ ಗಂಟಿಕ್ಕಿಕೊಂಡಿದ್ದಾನೆ. "ಇಷ್ಟು ರಂಪ ಬೇಕಿತ್ತಾ? ಹೋಗ್ಲಿ ಬಿಡೆ," ಅನ್ನುತ್ತಾನೆ. ಹೆಂಡತಿ ಗೆದ್ದರೆ ಯಾವ ಗಂಡಸಿಗೆ ತಡೆಯುತ್ತದೆ ಹೇಳು.

ಮಗಳಿಗೆ ನನ್ನ ಆಶೀರ್ವಾದ. ಹೆರಿಗೆ ಸುಸೂತ್ರವಾಗಲಿ, ಕೂಸು ತಣ್ಣಗಿರಲಿ.

ನಿನ್ನ
ಜುಲ್ಮಾ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ. ಭಾನುವಾರವೂ ಕಳೆಯಿತು. ಸಂಘದವರೆಲ್ಲ ನನ್ನ ಜೊತೆ ಕೂತು ಓದಿದರು:

ಇನ್ನೊಬ್ಬಳ ಹೆಸರ ಹಾಡುತ್ತ ಮನೆಗೆ ಬಂದರೂ
ನಗುನಗುತ್ತ ಊಟ ಬಡಿಸುವಳು ನನ್ನ ಕಿವುಡಿ.

ಕೇಕು ಯಾರೂ ಕತ್ತರಿಸಲಿಲ್ಲ. ಅಕ್ಷರ ದಪ್ಪಗಿತ್ತು, ಎಲ್ಬಿಯಾ. ಎರಡೇ ಸಾಲು. ನಾನು ಹೇಳಿದ ಹಾಗೆಯೇ, ಓದಿ ಮುಗಿಯುವವರೆಗೂ ನಿಂತಿತ್ತು.