ಚೆನ್ನಾಗಿ ಬೆಂದ ಪಟ್ಟಿ ಮುರಿಯುತ್ತದೆ, ಸ್ವಾಮಿ

ಸಂಶೋಧನಾ ಅನುದಾನದ ಪರಿಶೀಲನಾಧಿಕಾರಿಗಳೇ,

ನಮ್ಮ ಲೋಹದ ಪಟ್ಟಿಯನ್ನು ತಾವು ಬೆರಳಲ್ಲಿ ಬಗ್ಗಿಸಿದಿರಿ, ಅದು ಮುರಿಯಿತು, ಅಷ್ಟಕ್ಕೇ ನಮ್ಮ ಪ್ರಯೋಗಾಲಯವನ್ನು ಮುಚ್ಚಿಸಿದಿರಿ. ನನ್ನ ದೂರು ಇಷ್ಟೇ. ತಮ್ಮ ಕಚೇರಿಗೆ ಎಷ್ಟೋ ಬಾರಿ ಹೇಳಿಯಾಯಿತು. ಗೋಡೆಗೆ ಹೇಳಿದ್ದರೆ ಪ್ರತಿಧ್ವನಿಯಾದರೂ ಬರುತ್ತಿತ್ತು. ಅದಕ್ಕೇ ಈಗ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ನಾವು ಮಾಡುವುದೇನೆಂದು ಕೇಳುವ ಪುರುಸೊತ್ತು ಅಂದು ತಮಗಿರಲಿಲ್ಲ, ಇಂದು ಓದಿ. ಕಬ್ಬಿಣಕ್ಕೆ ಸಿಲಿಕಾನ್, ಬೋರಾನ್, ಚಿಟಿಕೆ ತಾಮ್ರ, ಚಿಟಿಕೆ ನಯೋಬಿಯಂ ಸೇರಿಸಿ ಕರಗಿಸುತ್ತೇವೆ. ಆ ದ್ರವವನ್ನು ರಭಸವಾಗಿ ತಿರುಗುವ ತಾಮ್ರದ ಚಕ್ರದ ಮೇಲೆ ಚಿಮ್ಮಿಸಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೆಪ್ಪುಗಟ್ಟಿ, ಕೂದಲಿಗಿಂತ ತೆಳುವಾದ ಪಟ್ಟಿಯಾಗಿ ಹಾರಿ ಬೀಳುತ್ತದೆ. ಪರಮಾಣುಗಳಿಗೆ ಸಾಲಾಗಿ ನಿಲ್ಲಲೂ ಸಮಯವಿರುವುದಿಲ್ಲ. ಈ ಹಸಿ ಪಟ್ಟಿಯನ್ನು ಹೇಗೆ ಬೇಕಾದರೂ ಬಗ್ಗಿಸಬಹುದು. ಆಮೇಲೆ ಅದನ್ನು ಉಂಗುರವಾಗಿ ಸುತ್ತಿ ಕುಲುಮೆಯಲ್ಲಿ ಬೇಯಿಸಿದರೆ ಒಳಗೆ ಕಣ್ಣಿಗೆ ಕಾಣದ ನ್ಯಾನೊ ಹರಳುಗಳು ಹುಟ್ಟುತ್ತವೆ. ಶಾಖ ಹೆಚ್ಚಾದರೆ ಹರಳು ದಪ್ಪವಾಗಿ ಕೆಲಸ ಕೆಟ್ಟಿತು. ಹದ ಸಿಕ್ಕಿದರೆ, ಒಂದೊಂದು ಹರಳು ಒಂದೊಂದು ದಿಕ್ಕಿಗೆ ಎಳೆದರೂ ತೀರ ಚಿಕ್ಕವಾದ್ದರಿಂದ ಯಾರ ಹಟವೂ ನಡೆಯುವುದಿಲ್ಲ. ಎಷ್ಟೇ ಸಣ್ಣ ಕಾಂತಕ್ಷೇತ್ರ ಬಂದರೂ ಎಲ್ಲವೂ ಒಟ್ಟಿಗೆ ಅತ್ತ ಹೊರಳುತ್ತವೆ. ಇಷ್ಟೆಲ್ಲ ಗುಣವಿದ್ದೂ ದೋಷ ಒಂದೇ. ಬೆಂದ ಪಟ್ಟಿ ಬಗ್ಗುವುದಿಲ್ಲ, ಮುರಿಯುತ್ತದೆ. ಉಂಗುರವಾದ ಮೇಲೆ ಅದನ್ನು ಬಗ್ಗಿಸುವವರಾದರೂ ಯಾರು?

ಬಂದವರ ಕೈ ಬಗ್ಗಿಸಿ ನೋಡಲು ತುರಿಸುತ್ತದೆಂದು ನಮಗೆ ಗೊತ್ತು. ಅದಕ್ಕೇ ಮೇಜಿನ ಮೇಲೆ ಒಂದು ಡಬ್ಬಿಯಲ್ಲಿ ಹಸಿ ಪಟ್ಟಿಯ ತುಂಡುಗಳನ್ನು ಇಡುವುದು ನಮ್ಮ ವಾಡಿಕೆ. ಅದಕ್ಕೆ 'ನೆಂಟರ ಡಬ್ಬಿ' ಎಂದೇ ಹೆಸರು. ತಾವು ಅದನ್ನು ದಾಟಿ ನೇರ ಕುಲುಮೆಯ ಪಕ್ಕದ ತಟ್ಟೆಗೆ ಕೈ ಹಾಕಿದಿರಿ. ಕುಲುಮೆ ನೋಡಿಕೊಳ್ಳುವ ನಮ್ಮ ಒಲೆಯಣ್ಣ "ಸಾರ್, ಅದು ಬೇಡ, ಬೆಂದಿದೆ" ಎನ್ನುವಷ್ಟರಲ್ಲಿ ಟಕ್ಕೆಂದಿತು.

"ಏನ್ರೀ ಇದು? ಕೈಯಿಟ್ರೆ ಮುರಿಯುತ್ತೆ! ಇದನ್ನ ಯಾರ್ರೀ ತಗೋತಾರೆ?"

"ಮುರಿದ್ರೇನೇ ಸಾರ್, ಸರಿಯಾಗಿ ಬೆಂದಿದೆ ಅಂತ," ಎಂದೆ ನಾನು.

"ಚೆನ್ನಾಗಿದೆ ಕಣಮ್ಮಾ ನಿನ್ನ ವಾದ!" ಎಂದು ನಕ್ಕಿರಿ. ಜೊತೆಗೆ ಬಂದವರೆಲ್ಲ ನಕ್ಕರು. ನಮ್ಮ ಮುಖ್ಯಸ್ಥರೂ ನಕ್ಕರು. ಪಾಪ, ಅವರಿಗೆ ನಿವೃತ್ತಿ ಹತ್ತಿರವಿದೆ.

'ವಸ್ತು ದುರ್ಬಲ, ಮುಂದುವರಿಸುವ ಅಗತ್ಯವಿಲ್ಲ' ಎಂದು ವರದಿ ಬಂತು. ಜೊತೆಗೊಂದು ಉಪದೇಶ: ಲೋಹದ ಪುಡಿಯನ್ನು ಉಕ್ಕಿನ ಗುಂಡುಗಳ ಜೊತೆ ಅರೆದೂ ಇಂಥ ಹರಳು ಪಡೆಯಬಹುದಲ್ಲ? ಪಡೆಯಬಹುದು, ಮಹಾಸ್ವಾಮಿ. ಆದರೆ ಆ ಹೊಡೆತಕ್ಕೆ ಲೋಹದೊಳಗೆ ಬಿಗಿತ ಉಳಿದು, ಕಾಂತಕ್ಷೇತ್ರದ ಸಣ್ಣ ಕರೆಗೆ ಅದು ಓಗೊಡುವುದಿಲ್ಲ. ಹಾಗೆ ಮೊಂಡು ಹಿಡಿದು ಕೂರುವವರು ತಮ್ಮ ಇಲಾಖೆಯಲ್ಲೇ ಬೇಕಾದಷ್ಟಿದ್ದಾರಲ್ಲ, ನಾವೇಕೆ ಮಾಡಬೇಕು?

ಆ ಸಣ್ಣ ಕರೆ ಯಾರದು ಗೊತ್ತೆ? ನನ್ನ ಒಡಹುಟ್ಟಿದವನದು. ಕಿರಿಯವನು, ಒದ್ದೆ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದಿದ್ದ. ಕರೆಂಟು ಅವನ ಮೈಯಲ್ಲಿ ಹರಿಯುತ್ತಿತ್ತು, ಮನೆಯ ಫ್ಯೂಸು ತೆಪ್ಪಗಿತ್ತು. ಮನುಷ್ಯನನ್ನು ಕೊಲ್ಲುವಷ್ಟು ಕರೆಂಟು ಫ್ಯೂಸಿಗೆ ಲೆಕ್ಕಕ್ಕೇ ಇಲ್ಲ. ಅಮ್ಮ ಮರದ ಸ್ಟೂಲು ಹಿಡಿದು ಅವನನ್ನು ತಳ್ಳಿ ಉಳಿಸಿದಳು. ಬಲಗೈಯ ಬೆರಳುಗಳಿಗೆ ಇಂದಿಗೂ ಸ್ಪರ್ಶವಿಲ್ಲ. ಮನೆಯ ತಂತಿಗಳನ್ನು ಉಂಗುರದೊಳಗೆ ಹಾಯಿಸಿಟ್ಟರೆ, ಕರೆಂಟು ಹೀಗೆ ಮೈಗೆ ಸೋರಿ, ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಮ್ಮ ಉಂಗುರಕ್ಕೆ ತಿಳಿಯುತ್ತದೆ, ಆ ಸುಳಿವಿಗೆ ಸ್ವಿಚ್ಚು ತಾನಾಗಿ ಬೀಳುತ್ತದೆ. ಅದು ಬಡವರ ಮನೆಗೂ ಎಟುಕಲಿ ಎಂದೇ ನಾನು ಈ ಕುಲುಮೆಯ ಮುಂದೆ ಕುಳಿತವಳು.

ವರದಿಯನ್ನು ಮನೆಯಲ್ಲಿ ಓದಿ ಹೇಳಿದೆ. "ಹೋಗ್ಲಿ ಬಿಡಕ್ಕ," ಎಂದ ಅವನು, "ಪಾಪ, ಅವರ ಬೆರಳಿಗೂ ನನ್ನ ಥರಾನೇ ಏನೂ ಗೊತ್ತಾಗಲ್ಲ ಅನ್ಸುತ್ತೆ." ಅಮ್ಮ ನಗಲಿಲ್ಲ. ನನಗೆ ಅಳು ಬಂತು.

ಮೊನ್ನೆ ಗುಜರಿಯವನು ಬಂದು ಚಕ್ರವನ್ನು ತಟ್ಟಿ ನೋಡಿದ. ಒಳ್ಳೆಯ ತಾಮ್ರವಂತೆ. ಬರುವ ವಾರ ಒಯ್ಯುತ್ತಾನೆ. ನಾನು ಬಾಗಿಲಿಗೆ ಅಡ್ಡ ನಿಲ್ಲಲೇ? ನಿಂತರೂ ಪಕ್ಕಕ್ಕೆ ಸರಿಸಿ ಒಯ್ಯುತ್ತಾರೆ.

ಅವನಿಗಿಂತ ಮೊದಲು ತಾವೊಮ್ಮೆ ಬನ್ನಿ. ಉಂಗುರದೊಳಗೆ ತಂತಿ ಹಾಯಿಸಿ, ಸ್ವಲ್ಪ ಕರೆಂಟು ಸೋರುವಂತೆ ಮಾಡಿ, ಸ್ವಿಚ್ಚು ಬೀಳುತ್ತದೋ ಇಲ್ಲವೋ ನೋಡಿ, ಆಮೇಲೆ ಬೇಕಾದ್ದು ಬರೆಯಿರಿ. ಬರುವುದಿಲ್ಲವೆಂದು ಗೊತ್ತು. ಹಾಗಾದರೆ ಇನ್ನೊಂದೇ ಬೇಡಿಕೆ. ತಮ್ಮ ಕಚೇರಿಯಲ್ಲಿ, ತಾವು ಕೈ ತೊಳೆಯುವ ಜಾಗದ ಪಕ್ಕದ ಸ್ವಿಚ್‌ಬೋರ್ಡಿನಲ್ಲಿ, ಇಂಥದ್ದೇ ಒಂದು ಉಂಗುರವಿರಬಹುದು. ದಯವಿಟ್ಟು ಅದನ್ನು ಬಿಚ್ಚಿ ಬಗ್ಗಿಸಿ ನೋಡಬೇಡಿ.

ಇಂತಿ,
ನೆಂಟರ ಡಬ್ಬಿಯನ್ನು ತಮ್ಮ ಕೈಗೆ ಇನ್ನಷ್ಟು ಹತ್ತಿರ ಇಡಬೇಕಿತ್ತೆಂದು ಹಲುಬುತ್ತಿರುವ
ಕುಲುಮೆಯವಳು