ಭಯ ಇದ್ದವರಿಗೇ ಹಗ್ಗ

ಪ್ರೀತಿಯ ಅಣ್ಣನಿಗೆ,

ಮೂವತ್ತು ಮಹಡಿಯ ಗಾಜು ಒರೆಸಿ ಈಗಷ್ಟೇ ನೆಲ ಮುಟ್ಟಿದ ತಂಗಿಯ ನಮಸ್ಕಾರ.

ನೀನು ನನಗೆ ಹೇಳದೆ ನಮ್ಮ ಮೇಸ್ತ್ರಿಗೆ ಫೋನ್ ಮಾಡಿ, "ಅವಳಿಗೆ ಎತ್ತರ ಅಂದ್ರೆ ಭಯ ಕಣ್ರೀ, ಕೆಳಗಡೆ ಏನಾದ್ರೂ ಕೆಲಸ ಕೊಡಿ" ಎಂದೆಯಂತೆ. ನಿನಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಹಗ್ಗ ಕೊಡುವ ಮೊದಲು ಮೇಸ್ತ್ರಿ ಪ್ರತಿಯೊಬ್ಬರನ್ನೂ "ಭಯ ಇದೆಯಾ?" ಎಂದು ಕೇಳುತ್ತಾರೆ. ಇಲ್ಲ ಎಂದವರಿಗೆ ಅವತ್ತು ಕೆಳಗೆ ಬಕೆಟ್ಟಿಗೆ ನೀರು ತುಂಬುವ ಕೆಲಸ. ಭಯವಿಲ್ಲದವರು ಗಂಟನ್ನು ಎರಡನೇ ಸಲ ನೋಡುವುದಿಲ್ಲ ಎಂಬುದು ಅವರ ಅನುಭವ. ಮೊನ್ನೆ ನಾನು, "ಅಭ್ಯಾಸ ಆಗೋಯ್ತು, ಭಯ ಗಿಯ ಏನಿಲ್ಲ" ಎಂದು ಕೊಚ್ಚಿಕೊಂಡು ಬಕೆಟ್ಟಿನ ಪಾಲಾಗಿದ್ದೆ. ನಿನ್ನ ಫೋನ್ ಬಂದ ಮೇಲೆ ಅವರು ನಕ್ಕು, "ನಿಮ್ಮಣ್ಣನೇ ಶಿಫಾರಸು ಮಾಡಿದ್ದಾರೆ, ನಡಿಯಮ್ಮ ಮೇಲಕ್ಕೆ" ಎಂದು ಹಗ್ಗ ಕೊಟ್ಟರು.

ಎತ್ತರಕ್ಕೆ ತತ್ತರಿಸುತ್ತೇನೆ, ನಿಜ. ಹಾಗೆಂದು ಕೆಲಸ ಬಿಡುವವಳಲ್ಲ, ಇದೇ ನನ್ನ ಉತ್ತರ. ಇವತ್ತು ಒಳಗೆ ತೂಕಡಿಸುತ್ತಿದ್ದ ಸಾಹೇಬರೊಬ್ಬರು ಕಣ್ಣು ಬಿಟ್ಟು, ಗಾಜಿನಾಚೆ ನನ್ನನ್ನು ಕಂಡು, ಕುರ್ಚಿಯಿಂದಲೇ ಬಿದ್ದರು. ಹೊರಗೆ ನೇತಾಡುತ್ತಿದ್ದ ನಾನು ಬೀಳಲಿಲ್ಲ, ನೋಡು. ಬಿ.ಎ. ಓದಿದವಳು ಗಾಜು ಒರೆಸುವುದೇ ಎಂದು ಇನ್ನೊಮ್ಮೆ ಕೇಳಬೇಡ. ಚೆನ್ನಾಗಿಯೇ ಒರೆಸುತ್ತೇನೆ.

ನಿನ್ನ ಹಳೆಯ ಮೊಣಕಾಲು ಪಟ್ಟಿ ಕಳಿಸು, ಗೋಡೆಗೆ ತಾಗಿ ಮಂಡಿ ತರಚಿದೆ. ನಿನಗೆ ಭಯವಾದರೆ ನನಗೆ ಹೇಳು. ಮೇಸ್ತ್ರಿಗೆ ಮಾತ್ರ ಹೇಳಬೇಡ, ನಿನ್ನನ್ನೂ ಹಗ್ಗಕ್ಕೆ ಕಟ್ಟಿಯಾರು.

ಹಗ್ಗ ಬಿಡಲೊಲ್ಲದ
ನಿನ್ನ ತಂಗಿ